ನಿಮ್ಮ ಸಂಘದ ಕೆಲಸದಿಂದ ಏನು ಬದಲಾಯಿತು? ಅಳೆದು ನೋಡುವ ಬಗೆ

ಮಾರ್ಚ್ ತಿಂಗಳು ಬಂತೆಂದರೆ ನನಗೆ ಬರುವ ಫೋನ್ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ. ಕುಂದಾಪುರದ ಮಹಿಳಾ ಮಂಡಲವಿರಲಿ, ಸುರತ್ಕಲ್ಲಿನ ಯುವಕ ಮಂಡಲವಿರಲಿ, ಕಾರ್ಕಳದ ಸಣ್ಣ ಟ್ರಸ್ಟ್ ಇರಲಿ, ಪ್ರಶ್ನೆ ಬದಲಾಗುವುದಿಲ್ಲ: "ದುಡ್ಡು ಕೊಟ್ಟವರು ಇಂಪ್ಯಾಕ್ಟ್ ತೋರಿಸಿ ಎನ್ನುತ್ತಿದ್ದಾರೆ. ಫೋಟೋ ಇದೆ, ಹಾಜರಿ ಪಟ್ಟಿ ಇದೆ, ಪತ್ರಿಕೆಯಲ್ಲಿ ಬಂದ ಸುದ್ದಿಯ ತುಣುಕು ಇದೆ. ಇನ್ನೇನು ಬೇಕು?"

ಈ ಮೂರೂ ಸೇರಿ ಹೇಳುವುದು ನೀವು ಕೆಲಸ ಮಾಡಿದಿರಿ ಎಂಬುದನ್ನು ಮಾತ್ರ. ಆ ಕೆಲಸದಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು ಎಂಬುದು ಬೇರೆಯೇ ಲೆಕ್ಕ. ಅದನ್ನು ಮಾರ್ಚ್‌ನಲ್ಲಿ ಕುಳಿತು ಬರೆಯಲಾಗದು, ಕೆಲಸ ಶುರುವಾಗುವ ಮೊದಲೇ ತೊಡಗಬೇಕು. ಮುಂದಿನ ವರ್ಷದ ಯೋಜನೆಗೆ ಈಗ ಕೈಹಾಕುತ್ತಿರುವವರಿಗಾಗಿ ಈ ಬರಹ.

ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ, ಏಕೆಂದರೆ ಹಲವರು ಇದಕ್ಕೇ ಹೆದರುತ್ತಾರೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಅಂದರೆ ಸಿಎಸ್‌ಆರ್ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯು ಪರಿಣಾಮ ಮೌಲ್ಯಮಾಪನವನ್ನು ಕಡ್ಡಾಯ ಮಾಡಿದ್ದು ನಿಜ. ಆದರೆ ಆ ಕಟ್ಟಳೆ ಇರುವುದು ಕಂಪನಿಗೆ, ನಿಮಗಲ್ಲ. ಅದೂ ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚು ಸಿಎಸ್‌ಆರ್ ಬಾಧ್ಯತೆ ಇದ್ದ ಕಂಪನಿಗೆ, 1 ಕೋಟಿ ಅಥವಾ ಹೆಚ್ಚು ವೆಚ್ಚದ ಯೋಜನೆಗೆ, ಯೋಜನೆ ಮುಗಿದು ಕನಿಷ್ಠ ಒಂದು ವರ್ಷ ಕಳೆದ ಮೇಲೆ, ಹೊರಗಿನ ಸ್ವತಂತ್ರ ಸಂಸ್ಥೆಯ ಮೂಲಕ. ನಿಮ್ಮ ಐದು ಲಕ್ಷದ ಹೊಲಿಗೆ ತರಬೇತಿಗೆ ಕಾನೂನು ಇದನ್ನು ಕೇಳುವುದಿಲ್ಲ. ದಾನಿ ಕೇಳಬಹುದು. ದಾನಿಗಿಂತ ಮೊದಲು ನೀವೇ ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಗಟ್ಟಿ ರಟ್ಟಿನ ಒಂದು ಪುಸ್ತಕ, ಒಂದು ಮೊಬೈಲ್, ಮತ್ತು ವರ್ಷವಿಡೀ ಇದೊಂದೇ ಕೆಲಸದ ಬೆನ್ನು ಹತ್ತುವ ಒಬ್ಬ ಸದಸ್ಯ. ಆ ಸದಸ್ಯ ಕಾರ್ಯದರ್ಶಿ ಆಗದಿದ್ದರೆ ಒಳ್ಳೆಯದು. ಶಾಮಿಯಾನದಿಂದ ಸನ್ಮಾನದ ಶಾಲಿನವರೆಗೆ ಎಲ್ಲವೂ ಅವರ ತಲೆಯ ಮೇಲೆಯೇ ಇರುತ್ತದೆ. ಹತ್ತು ಲಕ್ಷದ ಯೋಜನೆಯಲ್ಲಿ ನಲವತ್ತು ಐವತ್ತು ಸಾವಿರವನ್ನು ಅಳತೆಗೆಂದು ಆರಂಭದಲ್ಲೇ ತೆಗೆದಿಡಿ. ಕೊನೆಗೆ ಉಳಿದರೆ ನೋಡೋಣ ಎಂದರೆ ಉಳಿಯುವುದಿಲ್ಲ.

1. ಒಂದೇ ಒಂದು ವಾಕ್ಯ ಬರೆಯಿರಿ

ಯಾರಿಗೆ, ಏನು, ಯಾವಾಗಿನ ಹೊತ್ತಿಗೆ ಬದಲಾಗಬೇಕು? ಮೂರೂ ಒಂದೇ ವಾಕ್ಯದಲ್ಲಿರಲಿ. "ಮಳೆನೀರು ಮರುಪೂರಣ ಮಾಡಿಸಿಕೊಂಡ 20 ಮನೆಗಳ ಬಾವಿಗಳಲ್ಲಿ ಮುಂದಿನ ಮೇ ತಿಂಗಳಿನಲ್ಲಿ ಈಗಿನದಕ್ಕಿಂತ ಹೆಚ್ಚು ನೀರಿರಬೇಕು, ಆ ಮನೆಯವರು ಟ್ಯಾಂಕರ್ ತರಿಸುವುದು ಕಡಿಮೆಯಾಗಬೇಕು." ಇದು ವಾಕ್ಯ. "ಜಲಸಂರಕ್ಷಣೆಯ ಬಗ್ಗೆ ಜಾಗೃತಿ ಮೂಡಿಸುವುದು" ಎಂಬುದು ಬ್ಯಾನರ್. ನಿಮ್ಮ ವಾಕ್ಯದಲ್ಲಿ ಜಾಗೃತಿ ಎಂಬ ಪದವಿದ್ದರೆ ಹೊಡೆದುಹಾಕಿ. ಜಾಗೃತನಾದವನು ನಾಳೆಯಿಂದ ಏನನ್ನು ಬೇರೆ ರೀತಿ ಮಾಡುತ್ತಾನೆ ಎಂದು ಕೇಳಿಕೊಂಡು ಅದನ್ನು ಬರೆಯಿರಿ.

ಅರ್ಜಿ ನಮೂನೆಗಳಲ್ಲಿ ಮೂರು ಪದಗಳು ಸಿಗುತ್ತವೆ. ಔಟ್‌ಪುಟ್ ಎಂದರೆ ನೀವು ಮಾಡಿ ಮುಗಿಸಿದ್ದು: 20 ಬಾವಿಗಳಿಗೆ ಪೈಪು, ಸೋಸುವ ತೊಟ್ಟಿ. ಔಟ್‌ಕಮ್ ಎಂದರೆ ಅದರಿಂದ ಜನರಲ್ಲಿ ಕಾಣುವ ಬದಲಾವಣೆ: ಬಾವಿಯಲ್ಲಿ ನೀರು, ತಪ್ಪಿದ ಟ್ಯಾಂಕರ್ ಖರ್ಚು. ಇಂಪ್ಯಾಕ್ಟ್ ಎಂದರೆ ಆ ಬದಲಾವಣೆಯಲ್ಲಿ ನಿಮ್ಮಿಂದಲೇ ಆದ ಪಾಲು. ನೀವು ಇಲ್ಲದಿದ್ದರೂ ಆಗುತ್ತಿದ್ದುದನ್ನು ಕಳೆದ ಮೇಲೆ ಉಳಿಯುವಂಥದ್ದು. ಈ ಮೂರನೆಯದನ್ನು ಬಿಟ್ಟು ಮೊದಲನೆಯದನ್ನೇ ಇಂಪ್ಯಾಕ್ಟ್ ಎಂಬ ತಲೆಬರಹದಡಿ ಬರೆಯುವುದು ನಮ್ಮೂರ ವರದಿಗಳ ಸಾಮಾನ್ಯ ರೋಗ.

2. ನಡುವಿನ ಮೆಟ್ಟಿಲುಗಳನ್ನು ಬರೆದಿಡಿ

ನೀವು ಕೊಡುವುದಕ್ಕೂ ನೀವು ಬಯಸುವುದಕ್ಕೂ ನಡುವೆ ಏನೇನು ಆಗಬೇಕು? ಹೊಲಿಗೆ ಯಂತ್ರ ಕೊಟ್ಟಿರಿ. ಆಕೆ ಕಲಿಯಬೇಕು, ಯಂತ್ರ ಮನೆಯಲ್ಲಿ ಓಡುವ ಸ್ಥಿತಿಯಲ್ಲಿರಬೇಕು, ಹೊಲಿಸಿಕೊಳ್ಳುವವರು ಬರಬೇಕು, ಅವರು ದುಡ್ಡು ಕೊಡಬೇಕು, ಆ ದುಡ್ಡು ಬೀಡಿ ಕಟ್ಟಿ ಬರುತ್ತಿದ್ದುದಕ್ಕಿಂತ ಹೆಚ್ಚಿರಬೇಕು. ಐದು ಮೆಟ್ಟಿಲು. ಒಂದು ಜಾರಿದರೂ ಯಂತ್ರ ಮೂಲೆ ಸೇರಿ ಅದರ ಮೇಲೆ ಒಗೆದ ಬಟ್ಟೆಯ ರಾಶಿ ಬೀಳುತ್ತದೆ.

ಒಡಿಶಾದ ಹಳ್ಳಿಗಳಲ್ಲಿ ಹೊಗೆ ಕಡಿಮೆ ಮಾಡುವ ಒಲೆಗಳನ್ನು ಕೊಟ್ಟು ಸಂಶೋಧಕರು ನಾಲ್ಕು ವರ್ಷ ಬೆನ್ನುಬಿಡದೆ ನೋಡಿದ್ದರು. ಪ್ರಯೋಗಾಲಯದಲ್ಲಿ ಒಲೆ ಗೆದ್ದಿತ್ತು. ಮನೆಗಳಲ್ಲಿ ಮೊದಲ ವರ್ಷ ಹೊಗೆ ಸೇವನೆ ತುಸು ಇಳಿಯಿತು, ಆಮೇಲೆ ಅದೂ ಇಲ್ಲವಾಯಿತು. ಕಾರಣ, ಒಲೆಯನ್ನು ದಿನವೂ ಬಳಸುವವರು ಕಡಿಮೆ, ದುರಸ್ತಿ ಮಾಡಿಸುವವರು ಇನ್ನೂ ಕಡಿಮೆ. ಒಲೆ ಹಂಚಿದ ಸಂಖ್ಯೆಯನ್ನಷ್ಟೇ ಎಣಿಸಿದ್ದರೆ ಅದು ಗೆದ್ದ ಯೋಜನೆಯಾಗಿ ಉಳಿಯುತ್ತಿತ್ತು. ಮೆಟ್ಟಿಲುಗಳ ಪಟ್ಟಿ ಕೈಯಲ್ಲಿದ್ದರೆ ಎಲ್ಲಿ ಜಾರಿತು ಎಂದು ಬೆರಳಿಟ್ಟು ತೋರಿಸಬಹುದು.

3. ಅಳೆಯುವುದು ಎರಡೋ ಮೂರೋ ಸಾಕು

ನಲವತ್ತು ಪ್ರಶ್ನೆಗಳ ನಮೂನೆ ಮಾಡಬೇಡಿ. ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಮನೆಯವರು ಗೇಟಿನ ಕಡೆ ನೋಡುತ್ತಿರುತ್ತಾರೆ, ಕೇಳುವವನು ಊಹಿಸಿ ಬರೆಯುತ್ತಿರುತ್ತಾನೆ.

ಮಕ್ಕಳ ಓದಿಗೆ ಸಂಬಂಧಿಸಿದ ಕೆಲಸವಾದರೆ ಹೊಸ ಪರೀಕ್ಷೆ ಕಟ್ಟುವ ಅಗತ್ಯವಿಲ್ಲ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲಿಯೂ ಇದೆ. ಅಕ್ಷರ, ಪದ, ಒಂದನೆಯ ತರಗತಿ ಮಟ್ಟದ ಪ್ಯಾರಾ, ಎರಡನೆಯ ತರಗತಿ ಮಟ್ಟದ ಕಥೆ ಎಂದು ಏರುತ್ತ ಹೋಗುವ ಈ ಹಾಳೆಯನ್ನು ಒಂದು ಮಗುವಿನೊಂದಿಗೆ ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಅಸರ್ ಎಂಬ ಪದಕ್ಕೆ ಹಿಂದುಸ್ತಾನಿಯಲ್ಲಿ ಪರಿಣಾಮ ಎಂದೇ ಅರ್ಥ.

ಬಾವಿಯ ಕೆಲಸವಾದರೆ ಉಪಕರಣ ಇನ್ನೂ ಅಗ್ಗ. ಉದ್ದನೆಯ ಒಂದು ಹಗ್ಗ, ತುದಿಗೆ ಅಂಗೈಯಷ್ಟು ಅಗಲದ ಕಲ್ಲು. ಅಡಿಗೊಂದು ಗಂಟು, ಐದು ಅಡಿಗೊಂದು ಕೆಂಪು ಬಟ್ಟೆಯ ಚಿಂದಿ. ಬಾವಿಕಟ್ಟೆಯ ಮೇಲೆ ಒಂದು ಕಡೆ ಬಣ್ಣದಲ್ಲಿ ಗೆರೆ ಎಳೆದು ಪ್ರತಿ ಸಲವೂ ಅಲ್ಲಿಂದಲೇ ಹಗ್ಗ ಇಳಿಸಿ. ಕಲ್ಲು ನೀರಿಗೆ ತಾಗಿದ ಸದ್ದು ಕೇಳಿದೊಡನೆ ಹಗ್ಗವನ್ನು ಗೆರೆಯ ಮೇಲೆ ಒತ್ತಿ ಹಿಡಿದು ಗಂಟು ಎಣಿಸಿ ಬರೆಯಿರಿ. ಮತ್ತೆ ಇಳಿಸಿ. ಕಲ್ಲು ತಳದಲ್ಲಿ ಕೂತಾಗ ಹಗ್ಗ ಸಡಿಲವಾಗುತ್ತದೆ, ಅದನ್ನೂ ಎಣಿಸಿ. ಎರಡರ ವ್ಯತ್ಯಾಸವೇ ನೀರಿನ ಆಳ. ಅಳೆಯಬೇಕಾದದ್ದು ಬೆಳಗ್ಗೆ, ಪಂಪ್ ಹಾಕುವ ಮೊದಲು. ರಾತ್ರಿಯಿಡೀ ಒರತೆ ತುಂಬಿದ ಬಾವಿಗೂ ತೋಟಕ್ಕೆ ಎರಡು ಗಂಟೆ ನೀರು ಬಿಟ್ಟ ಬಾವಿಗೂ ಅಡಿಗಟ್ಟಲೆ ವ್ಯತ್ಯಾಸ ಬರುತ್ತದೆ. ಹಿಂದಿನ ಸಂಜೆಯೇ ಮನೆಯವರಿಗೆ ಫೋನ್ ಮಾಡಿ ಹೇಳಿಡಿ.

4. ಕೆಲಸಕ್ಕೆ ಮೊದಲು ಒಮ್ಮೆ ಅಳೆಯಿರಿ

ಇದನ್ನೇ ಬೇಸ್‌ಲೈನ್ ಎನ್ನುತ್ತಾರೆ. ಆರಂಭದ ಅಳತೆ ಎಂದರೆ ಸಾಕು. ಹೆಚ್ಚಿನವರು ತಪ್ಪಿಸುವ ಮೆಟ್ಟಿಲು ಇದೇ. ಆಮೇಲೆ ಇದನ್ನು ಸರಿಮಾಡಿಕೊಳ್ಳುವುದು ಬಹಳ ಕಷ್ಟ.

ನಮ್ಮ ಕರಾವಳಿಯಲ್ಲಿ ಯಾವಾಗ ಅಳೆದಿರಿ ಎಂಬುದು ಏನು ಅಳೆದಿರಿ ಎಂಬುದರಷ್ಟೇ ಮುಖ್ಯ. ಬಾವಿಯನ್ನು ಪತ್ತನಾಜೆಗೆ (ಮೇ ಕೊನೆಯ ಭಾಗದಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಮೊದಲು, ಮೇ ಎರಡನೆಯ ವಾರದ ಸುಮಾರಿಗೆ ಅಳೆಯಿರಿ. ಮೇನಲ್ಲಿ ಒಮ್ಮೆ ಅಳೆದು, ಮುಂದಿನ ಸಲ ಆಗಸ್ಟ್‌ನಲ್ಲಿ ಅಳೆದು ನೀರು ಹದಿನೈದು ಅಡಿ ಏರಿತು ಎಂದರೆ ಅದು ಮಳೆರಾಯನ ಸಾಧನೆ. ಮೀನುಗಾರ ಕುಟುಂಬಗಳ ಆದಾಯವನ್ನು ಜುಲೈಯಲ್ಲಿ ಕೇಳಿ, ಮತ್ತೆ ಡಿಸೆಂಬರಿನಲ್ಲಿ ಕೇಳಿದರೂ ಇದೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ಯಾರೂ ಏನೂ ಮಾಡದಿದ್ದರೂ ಡಿಸೆಂಬರಿನ ಆದಾಯ ಹೆಚ್ಚೇ ಇರುತ್ತದೆ. ಅದೇ ತಿಂಗಳು, ಸಾಧ್ಯವಾದರೆ ಅದೇ ವಾರ ಎಂಬ ನಿಯಮವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಕೆಲಸ ಶುರುವಾಗಿಬಿಟ್ಟಿದ್ದರೆ? ಹಳೆಯ ದಾಖಲೆ ಹುಡುಕಿ. ಟ್ಯಾಂಕರ್‌ನವರ ರಸೀದಿ, ಶಾಲೆಯ ಹಾಜರಿ ಪುಸ್ತಕ, ಸ್ವಸಹಾಯ ಸಂಘದ ಉಳಿತಾಯದ ಪಾಸ್‌ಬುಕ್. "ಹೋದ ವರ್ಷ ಹೇಗಿತ್ತು?" ಎಂದು ನೆನಪಿನಿಂದ ಕೇಳುವುದು ಕಡೆಯ ದಾರಿ. ಹಾಗೆ ಕೇಳಿದ್ದರೆ ನೆನಪಿನಿಂದ ಪಡೆದದ್ದು ಎಂದು ವರದಿಯಲ್ಲಿ ಬರೆಯಿರಿ.

5. ನೀವು ಇಲ್ಲದಿದ್ದರೆ ಏನಾಗುತ್ತಿತ್ತು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿದವರೂ ಇಲ್ಲಿ ಎಡವುತ್ತಾರೆ.

ಉಡುಪಿ ಜಿಲ್ಲೆಯ ಒಂದು ಸಂಘ ಹತ್ತನೆಯ ತರಗತಿಯ ಮಕ್ಕಳಿಗೆ ಸಂಜೆ ಪಾಠ ನಡೆಸಿತೆಂದು ಇಟ್ಟುಕೊಳ್ಳಿ. 2024ರಲ್ಲಿ ಅವರ ಮಕ್ಕಳ ಪೈಕಿ ನೂರಕ್ಕೆ 92 ಮಂದಿ ಪಾಸಾದರು. ಬ್ಯಾನರ್ ಕಟ್ಟಬಹುದೇ? ಆ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಜಿಲ್ಲೆಯ ಒಟ್ಟು ಫಲಿತಾಂಶವೇ ಶೇಕಡಾ 94, ರಾಜ್ಯಕ್ಕೇ ಮೊದಲ ಸ್ಥಾನ. ರಾಜ್ಯದ ಫಲಿತಾಂಶ 73.40. ರಾಜ್ಯದ ಪಕ್ಕ ನಿಲ್ಲಿಸಿದರೆ ಸಂಘ ಎತ್ತರ, ಜಿಲ್ಲೆಯ ಪಕ್ಕ ನಿಲ್ಲಿಸಿದರೆ ಗಿಡ್ಡ. ಎರಡೂ ನ್ಯಾಯವಲ್ಲ. ಸಂಜೆ ಪಾಠಕ್ಕೆ ಬರುವವರು ಸಾಮಾನ್ಯವಾಗಿ ಮೊದಲೇ ಹಿಂದೆ ಬಿದ್ದ ಮಕ್ಕಳು. ಅವರನ್ನು ಹೋಲಿಸಬೇಕಾದದ್ದು ಅದೇ ಶಾಲೆಯಲ್ಲಿ, ಒಂಬತ್ತನೆಯ ತರಗತಿಯಲ್ಲಿ ಅಷ್ಟೇ ಅಂಕ ಪಡೆದು, ಪಾಠಕ್ಕೆ ಬಾರದೆ ಉಳಿದ ಮಕ್ಕಳೊಂದಿಗೆ.

ಹಿಂದಿನ ವರ್ಷಕ್ಕೆ ಹೋಲಿಸೋಣ ಎಂದರೆ ಅಲ್ಲೂ ಗುಂಡಿಯಿದೆ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇದ್ದದ್ದು 2024ಕ್ಕೆ ಹತ್ತಕ್ಕೂ ಹೆಚ್ಚು ಅಂಶ ಕುಸಿಯಿತು. ಆ ವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿತ್ತು. ಹಿಂದಿನ ವರ್ಷ 18ನೇ ಸ್ಥಾನದಲ್ಲಿದ್ದ ಉಡುಪಿ ಒಂದೇ ನೆಗೆತಕ್ಕೆ ಮೊದಲನೆಯದಾಯಿತು. ಇಂಥ ವರ್ಷದಲ್ಲಿ "ಮೊದಲು ಇಷ್ಟು, ಈಗ ಇಷ್ಟು" ಎಂಬ ಲೆಕ್ಕದಲ್ಲಿ ನಿಮ್ಮ ಪಾಠದ ಪಾಲು ಎಷ್ಟು, ಕ್ಯಾಮೆರಾದ ಪಾಲು ಎಷ್ಟು ಎಂದು ಯಾರು ಹೇಳಬಲ್ಲರು? ನೀರಿನ ವಿಷಯವೂ ಹೀಗೆಯೇ. 2019ರ ಮೇನಲ್ಲಿ ತುಂಬೆ ಅಣೆಕಟ್ಟೆಯ ನೀರನ್ನು ಮಂಗಳೂರಿಗೆ ಸರದಿಯ ಮೇಲೆ ಬಿಡಬೇಕಾಗಿ ಬಂದಿತ್ತು. ಆ ವರ್ಷವನ್ನು ಆರಂಭದ ಅಳತೆಯಾಗಿ ಹಿಡಿದ ಯಾವ ಜಲಯೋಜನೆಯೂ ಮರುವರ್ಷ ಗೆದ್ದಂತೆಯೇ ಕಾಣುತ್ತದೆ.

ಹಾಗಾಗಿ ಹೋಲಿಕೆಗೆ ಒಂದು ಗುಂಪು ಬೇಕು. ಎಲ್ಲಿಂದ ತರುವುದು?

ಎಲ್ಲಕ್ಕಿಂತ ಸುಲಭದ ದಾರಿ ನಿಮ್ಮ ಕಾಯುವವರ ಪಟ್ಟಿ. 40 ಮನೆಯವರು ಅರ್ಜಿ ಹಾಕಿದ್ದಾರೆ, ದುಡ್ಡು 20ಕ್ಕೆ ಮಾತ್ರ ಇದೆ. ಈ ವರ್ಷ ಯಾರಿಗೆ, ಮುಂದಿನ ವರ್ಷ ಯಾರಿಗೆ ಎಂಬುದನ್ನು ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸಿ. ಹೇಗೂ ಅರ್ಧ ಜನ ಕಾಯಲೇಬೇಕಲ್ಲ. ಚೀಟಿ ಎತ್ತಿದರೆ ಅಧ್ಯಕ್ಷರ ನೆಂಟರಿಗೇ ಮೊದಲು ಸಿಕ್ಕಿತು ಎಂಬ ಮಾತೂ ತಪ್ಪುತ್ತದೆ. 40 ಬಾವಿಗಳನ್ನೂ ಎರಡು ಸಲ ಅಳೆಯಿರಿ. ಕಾಯುವ 20 ಬಾವಿಗಳೇ "ನಾವು ಇಲ್ಲದಿದ್ದರೆ" ಎಂಬ ಪ್ರಶ್ನೆಗೆ ಉತ್ತರ.

ಈ ಚೀಟಿಯ ಉಪಾಯವನ್ನೇ ದೊಡ್ಡ ಮಟ್ಟದಲ್ಲಿ ಬಳಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಮೈಕೆಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂತು. ರಾಜಸ್ಥಾನದ ಉದಯಪುರದ 134 ಹಳ್ಳಿಗಳಲ್ಲಿ ಬ್ಯಾನರ್ಜಿ, ಡುಫ್ಲೋ ಮತ್ತು ಸಂಗಡಿಗರು ಇದೇ ರೀತಿ ನೋಡಿದರು. ಏನೂ ಹೊಸತು ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪಡೆದ ಮಕ್ಕಳು ನೂರಕ್ಕೆ 6. ತಪ್ಪದೆ ಶಿಬಿರ ನಡೆಸಿದಲ್ಲಿ 18. ಶಿಬಿರದ ಜೊತೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ ಕೊಟ್ಟಲ್ಲಿ 39. ಹೋಲಿಕೆಯ ಹಳ್ಳಿಗಳು ಇಲ್ಲದಿದ್ದರೆ ಬೇಳೆಯ ಪಾಲು ಎಷ್ಟು, ಶಿಬಿರದ ಪಾಲು ಎಷ್ಟು ಎಂದು ಬೇರ್ಪಡಿಸಲು ಆಗುತ್ತಲೇ ಇರಲಿಲ್ಲ.

ಚೀಟಿ ಆಗದಿದ್ದರೆ ಹೋಲುವ ನೆರೆಯ ವಾರ್ಡ್ ಆರಿಸಿ. ಆದರೆ ತೀರಾ ಒತ್ತಿನದು ಬೇಡ. ನಮ್ಮ ಮುರಕಲ್ಲು ನೆಲದಲ್ಲಿ ಒಂದು ಬಾವಿಗೆ ಇಳಿಸಿದ ನೀರು ಆಚೆ ಮನೆಯ ಬಾವಿಗೂ ಹರಿಯಬಹುದು. ಆಗ ನಿಮ್ಮ ಕೆಲಸದ ಫಲವೇ ಹೋಲಿಕೆಯ ಗುಂಪಿಗೂ ಸೇರಿ ವ್ಯತ್ಯಾಸ ಕಡಿಮೆ ಕಾಣುತ್ತದೆ. ಮೇಲಿನ ಗುಡ್ಡೆಯ ಬಾವಿಯನ್ನು ಕೆಳಗಿನ ಬೈಲಿನ ಬಾವಿಗೆ ಹೋಲಿಸುವುದೂ ಬೇಡ.

6. ಕೇಳುವುದು ಯಾರು, ಯಾವ ಭಾಷೆಯಲ್ಲಿ

ನಮೂನೆ ಕನ್ನಡದಲ್ಲಿ ಅಚ್ಚಾಗಿರುತ್ತದೆ. ಮನೆ ಬಾಗಿಲಲ್ಲಿ ಅದು ತುಳುವಾಗುತ್ತದೆ, ಬ್ಯಾರಿಯಾಗುತ್ತದೆ, ಕೊಂಕಣಿಯಾಗುತ್ತದೆ, ಕುಂದಗನ್ನಡವಾಗುತ್ತದೆ. ಒಬ್ಬೊಬ್ಬ ಸ್ವಯಂಸೇವಕನೂ ತನಗೆ ತೋಚಿದಂತೆ ಅನುವಾದಿಸಿದರೆ ಅವರೆಲ್ಲ ಕೇಳಿದ್ದು ಒಂದೇ ಪ್ರಶ್ನೆಯಲ್ಲ. ಮೊದಲೇ ಒಟ್ಟಿಗೆ ಕುಳಿತು ಪ್ರತಿ ಪ್ರಶ್ನೆಯೂ ಆ ಭಾಷೆಯಲ್ಲಿ ಹೇಗೆ ಎಂದು ಒಪ್ಪಿಕೊಂಡು, ಕನ್ನಡ ಲಿಪಿಯಲ್ಲಿ ಕೆಳಗೆ ಬರೆದುಕೊಳ್ಳಿ.

ಆದಾಯ ಎಷ್ಟು ಎಂದು ನೇರವಾಗಿ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಬಿಪಿಎಲ್ ಕಾರ್ಡ್ ಹೋದೀತೆಂಬ ಭಯ ಎಲ್ಲ ಮನೆಗಳಲ್ಲೂ ಇದೆ. "ಕಳೆದ ವಾರ ಎಷ್ಟು ಬೀಡಿ ಕಟ್ಟಿದಿರಿ? ಎಷ್ಟು ಬ್ಲೌಸ್ ಹೊಲಿದಿರಿ? ಒಂದಕ್ಕೆ ಎಷ್ಟು ತೆಗೆದುಕೊಂಡಿರಿ?" ಎಂದು ಕೇಳಿ, ಲೆಕ್ಕವನ್ನು ನೀವು ಮಾಡಿಕೊಳ್ಳಿ.

ಯಂತ್ರ ಕೊಟ್ಟವರೇ ಹೋಗಿ "ಉಪಯೋಗವಾಯಿತೇ?" ಎಂದರೆ ಯಾರು ಇಲ್ಲ ಎನ್ನುತ್ತಾರೆ? ಬೆಲ್ಲ, ನೀರು ಕೊಟ್ಟು ಕೂರಿಸಿ, ತುಂಬ ಒಳ್ಳೆಯದಾಯಿತು ಎಂದೇ ಹೇಳಿ ಕಳುಹಿಸುತ್ತಾರೆ. ಅದು ಸುಳ್ಳಲ್ಲ, ಮರ್ಯಾದೆ. ಹತ್ತಿರದ ಕಾಲೇಜಿನ ಸಮಾಜಕಾರ್ಯ ವಿದ್ಯಾರ್ಥಿಗಳನ್ನು ಕಳುಹಿಸಿ. ಯಂತ್ರ ಎಲ್ಲಿದೆ, ಸೂಜಿಯಲ್ಲಿ ನೂಲು ಇದೆಯೇ ಎಂದು ನೋಡಿ ಬರೆಯಲು ಹೇಳಿ.

ಮೊಬೈಲಿನಲ್ಲಿ ದಾಖಲಿಸುವುದಾದರೆ ಕೋಬೋ ಟೂಲ್‌ಬಾಕ್ಸ್‌ನಂಥ ತಂತ್ರಾಂಶ ನೆಟ್‌ವರ್ಕ್ ಇಲ್ಲದಲ್ಲೂ ಕೆಲಸ ಮಾಡುತ್ತದೆ. ಏಕೆ ಕೇಳುತ್ತಿದ್ದೀರಿ ಎಂದು ಹೇಳಿ ಒಪ್ಪಿಗೆ ಪಡೆಯಿರಿ; 18 ತುಂಬದವರದ್ದಾದರೆ ಹೆತ್ತವರ ಒಪ್ಪಿಗೆ. ಆಧಾರ್ ಸಂಖ್ಯೆ ನಿಮಗೆ ಬೇಕಿಲ್ಲ, ಕೇಳಬೇಡಿ.

7. ಲೆಕ್ಕ

ಉದಾಹರಣೆಗೆಂದು ಇಟ್ಟುಕೊಂಡ ಅಂಕಿಗಳಿವು. ಮರುಪೂರಣ ಮಾಡಿದ 20 ಬಾವಿಗಳಲ್ಲಿ ಹೋದ ಮೇನಲ್ಲಿ ಸರಾಸರಿ 3 ಅಡಿ ನೀರು, ಈ ಮೇನಲ್ಲಿ 5 ಅಡಿ. ಏರಿಕೆ 2 ಅಡಿ. ಕಾಯುವ ಪಟ್ಟಿಯ 20 ಬಾವಿಗಳಲ್ಲಿ ಮೂರೂವರೆ ಇದ್ದದ್ದು ನಾಲ್ಕೂವರೆ. ಏರಿಕೆ 1 ಅಡಿ. ಅದು ಈ ವರ್ಷ ಬೇಗ ಬಂದ ಮಳೆಯ ಪಾಲು. 2ರಲ್ಲಿ 1 ಕಳೆದರೆ ಉಳಿಯುವ 1 ಅಡಿ ನಿಮ್ಮದು. ದೊಡ್ಡ ಸಂಸ್ಥೆಗಳು ಉದ್ದನೆಯ ಹೆಸರಿಟ್ಟು ಮಾಡುವ ಲೆಕ್ಕದ ತಿರುಳು ಇಷ್ಟೇ, ವ್ಯತ್ಯಾಸಗಳ ನಡುವಿನ ವ್ಯತ್ಯಾಸ. ವರದಿಯಲ್ಲಿ 2 ಅಡಿ ಎಂದು ಬರೆಯುವ ಆಸೆ ಆಗುತ್ತದೆ. ಬರೆಯಬೇಡಿ.

ಬಿಟ್ಟುಹೋದವರನ್ನು ಎಣಿಸಿ. ಹೊಲಿಗೆ ತರಗತಿಗೆ 40 ಮಂದಿ ಸೇರಿದರು, 26 ಮಂದಿ ಮುಗಿಸಿದರು, ಆರು ತಿಂಗಳ ನಂತರ 20 ಮಂದಿ ಹೊಲಿದು ಸಂಪಾದಿಸುತ್ತಿದ್ದಾರೆ. 26ರಲ್ಲಿ 20 ಎಂದರೆ ಶೇಕಡಾ 77. ಸೇರಿದ 40ರಲ್ಲಿ 20 ಎಂದರೆ 50. ಸರಿಯಾದದ್ದು ಎರಡನೆಯದು. ನಡುವೆ ಬಿಟ್ಟ 14 ಮಂದಿಯ ಮನೆಗೂ ಹೋಗಿ ಏಕೆ ಬಿಟ್ಟಿರಿ ಎಂದು ಕೇಳಿ. ಬಸ್ಸಿನ ಸಮಯ ಹೊಂದಲಿಲ್ಲ, ಅತ್ತೆಯವರಿಗೆ ಹುಷಾರಿರಲಿಲ್ಲ, ಆ ಹೊತ್ತಿಗೆ ಬೀಡಿ ಕೊಡಲು ಹೋಗಬೇಕು. ಮುಂದಿನ ತಂಡದ ಸಮಯಪಟ್ಟಿ ಮಾಡಲು ಇದಕ್ಕಿಂತ ಒಳ್ಳೆಯ ಮಾಹಿತಿ ಮುಗಿಸಿದವರಿಂದ ಸಿಗಲಾರದು.

ಸಂಖ್ಯೆ ಚಿಕ್ಕದಾಗಿದ್ದರೆ ಶೇಕಡಾವಾರು ಬಿಡಿ. 15 ಮಕ್ಕಳಲ್ಲಿ ಒಬ್ಬ ಹೆಚ್ಚುಕಡಿಮೆಯಾದರೆ ಶೇಕಡಾ 7ರಷ್ಟು ಏರುಪೇರು. "15ರಲ್ಲಿ 12" ಎಂದೇ ಬರೆಯಿರಿ. ಯಾರೋ ಒಬ್ಬರಿಗೆ ಮದುವೆ ಸೀಸನ್ನಿನಲ್ಲಿ ದೊಡ್ಡ ಆರ್ಡರ್ ಸಿಕ್ಕಿ ಇಡೀ ತಂಡದ ಸರಾಸರಿ ಮೇಲೇರಿದ್ದರೆ, ಎಲ್ಲರನ್ನೂ ಆದಾಯದ ಕ್ರಮದಲ್ಲಿ ಸಾಲಾಗಿ ಬರೆದು ನಟ್ಟನಡುವಿನವರ ಆದಾಯವನ್ನು ತೋರಿಸಿ.

8. ಬರೆದು, ಸಭೆಯಲ್ಲಿ ಓದಿ

ಒಂದು ಪುಟ ಸಾಕು. ಏನು ಬಯಸಿದ್ದೆವು, ಏನು ಅಳೆದೆವು, ಎಷ್ಟು ಸಿಕ್ಕಿತು, ಯಾರೊಂದಿಗೆ ಹೋಲಿಸಿದೆವು, ನಮ್ಮ ಅಳತೆಯ ದೋಷವೇನು. ದಾನಿಗೆ ಕಳುಹಿಸುವ ಮೊದಲು, ಯಾರ ಬಾವಿಗಳನ್ನು ಅಳೆದಿರೋ ಆ ಮನೆಯವರನ್ನು ಕೂರಿಸಿ ಓದಿ. ನಿಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ಅವರು ಅಲ್ಲೇ ಹೇಳುತ್ತಾರೆ: "ಆ ಬಾವಿಯನ್ನು ನಾವು ಫೆಬ್ರವರಿಯಲ್ಲಿ ಇನ್ನೂ ನಾಲ್ಕು ಅಡಿ ತೋಡಿಸಿದ್ದೆವು."

ಏನೂ ಬದಲಾವಣೆ ಸಿಗದಿದ್ದರೆ ಎರಡನೆಯ ಹಂತದ ಮೆಟ್ಟಿಲುಗಳ ಪಟ್ಟಿ ತೆಗೆಯಿರಿ. ದಂಬೆಯಲ್ಲಿ ತರಗೆಲೆ ಕಟ್ಟಿಕೊಂಡು ಮಾಡಿನ ನೀರು ತೊಟ್ಟಿಗೇ ಬರಲಿಲ್ಲವೇ? ಹಾಗಾದರೆ ಉಪಾಯ ಸರಿಯಿದೆ, ನಿರ್ವಹಣೆ ಸೋತಿದೆ. ಸೆಪ್ಟೆಂಬರಿನವರೆಗೆ ತಿಂಗಳಿಗೊಮ್ಮೆ ತೊಳೆಯುವ ವ್ಯವಸ್ಥೆ ಮಾಡಿ. ನೀರು ಚೆನ್ನಾಗಿಯೇ ಇಳಿದು, ಆದರೂ ಬೇಸಿಗೆಯ ಹೊತ್ತಿಗೆ ಇಳಿಜಾರಿನಲ್ಲಿ ಹರಿದು ಹೋಯಿತೇ? ಹಾಗಾದರೆ ಉಪಾಯವೇ ಆ ಜಾಗಕ್ಕೆ ಹೊಂದುವುದಿಲ್ಲ. ಉಳಿದ 20 ಬಾವಿಗಳಿಗೆ ಅದನ್ನೇ ಮಾಡುವ ಮೊದಲು ದಾನಿಯ ಬಳಿ ಮಾತಾಡಿ, ತೋಡಿಗೆ ಕಟ್ಟ ಹಾಕುವಂಥ ಬೇರೆ ದಾರಿಗೆ ಆ ದುಡ್ಡನ್ನು ತಿರುಗಿಸಲು ಅನುಮತಿ ಕೇಳಿ. ಅಳತೆಯ ಪುಸ್ತಕವನ್ನು ಮುಂದಿಟ್ಟು ಕೇಳಿದವರಿಗೆ ಇಲ್ಲ ಎಂದ ದಾನಿಗಳನ್ನು ನಾನು ಕಂಡದ್ದು ಕಡಿಮೆ.

ಪುಸ್ತಕವನ್ನು ಸಂಘದ ಕಪಾಟಿನಲ್ಲಿಡಿ. ಯಾರ ಮೊಬೈಲಿನಲ್ಲೂ ಮಾತ್ರ ಉಳಿಯದಿರಲಿ. ಮಹಾಸಭೆಯಲ್ಲಿ ಪದಾಧಿಕಾರಿಗಳು ಬದಲಾದ ದಿನ ಎಷ್ಟೋ ಸಂಘಗಳ ಬೇಸ್‌ಲೈನ್ ಹಳೆಯ ಕಾರ್ಯದರ್ಶಿಯ ಫೋನಿನೊಂದಿಗೆ ಹೋಗಿಬಿಟ್ಟಿದೆ. ಗಂಟಿನ ಹಗ್ಗವನ್ನೂ ಅಲ್ಲೇ ಇಡಿ. ಮುಂದಿನ ಮೇನಲ್ಲಿ ಹೊರತೆಗೆದಾಗ ಮೊದಲು ಟೇಪಿನಿಂದ ಗಂಟುಗಳ ಅಂತರ ನೋಡಿಕೊಳ್ಳಿ. ನೆನೆದು ಒಣಗಿದ ಹಗ್ಗದ ಉದ್ದ ಮೊದಲಿನಷ್ಟೇ ಇರುತ್ತದೆಂದು ನಂಬುವಂತಿಲ್ಲ.